ಆಚಾರ್ಯ ಕರ್ವೆಯವರ ದೀರ್ಘಾಯುಷ್ಯ

ನಮಸ್ಕರಿಸಿದ ಕಿರಿಯರನ್ನು ಹಿರಿಯರು ದೀರ್ಘಾಯುಷ್ಯವುಂಟಾಗಲೆಂದು ಹರಸುವುದು ಈ ದೇಶದ ರೂಢಿ. ಹರಸುವವರಾಗಲಿ ಹರಸಿಕೊಳ್ಳುವವರಾಗಲಿ ಆ ಮಾತಿನ ಅರ್ಥವನ್ನು ನಿಂತು ವಿಚಾರಿಸುವುದು ಅಪೂರ್ವ. ಆಯುಸ್ಸು ಉದ್ದವಾದ ಮಾತ್ರದಿಂದಲೇ ಅದು ಶ್ರೇಯಸ್ಸಾಗುವುದಾದರೆ ಆಲದ ಮರವೂ ಆಮೆಯೂ ಮನುಷ್ಯನಿಗಿಂತ ಭಾಗ್ಯಶಾಲಿಗಳೆನ್ನಬೇಕಾದೀತು. ಈಶಾವಾಸ್ಯೋಪನಿಷತ್ತು ಶತಾಯುಸ್ಸಿನ ಬಯಕೆಯನ್ನು ಬರಿದಾಗಿ ಹೇಳದೆ ಕರ್ಮದೊಡನೆ ಹೆಣೆದೇ ಹೇಳಿರುವುದಕ್ಕೆ ಇದೇ ಕಾರಣವಿರಬೇಕು. ಆದರೆ ಅಲ್ಲಿಗೂ ಪ್ರಶ್ನೆ ಮುಗಿಯುವುದಿಲ್ಲ. ನಲವತ್ತು ವರ್ಷ ಲೋಕಸೇವೆ ಮಾಡಿದವನಿಗೂ ಎಂಬತ್ತು ವರ್ಷ ಮಾಡಿದವನಿಗೂ ಇರುವ ಅಂತರ ಬರಿಯ ಮೊತ್ತದ ಅಂತರವೇ? ಅಥವಾ ದೀರ್ಘವಾದ ಆಯುಸ್ಸು ಸೇವಕನ ಮೇಲೆ ಬೇರೆಯದೇ ಆದ ಒಂದು ಹೊಣೆಯನ್ನು ಹೊರಿಸುತ್ತದೆಯೇ?

ಇಂತಹ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತು ಬೆಳೆಯುವುದೇ ಹೊರತು ತಿಳಿವಳಿಕೆ ಬೆಳೆಯದು. ಒಬ್ಬ ಉಪಾಧ್ಯಾಯರ ಚರಿತ್ರೆಯನ್ನು ಮುಂದಿಟ್ಟುಕೊಂಡು ನೋಡುವುದು ಮೇಲು. ಪುಣೆಯ ಧೋಂಡೋ ಕೇಶವ ಕರ್ವೆಯವರು 1858ನೆಯ ಇಸವಿ ಏಪ್ರಿಲ್ 18ರಂದು ಹುಟ್ಟಿ, 1962ನೆಯ ಇಸವಿ ನವೆಂಬರ್ 9ರಂದು ತೀರಿಕೊಂಡರು. 104 ವರ್ಷಗಳ ಆ ಬಾಳಿನಲ್ಲಿ ಅವರು ಸುಮ್ಮನೆ ಕುಳಿತ ಕಾಲ ಬಹಳ ಕಡಮೆ. ಲೋಕವು ಅವರನ್ನು ಮಹರ್ಷಿಯೆಂದು ಕರೆಯಿತು. ಆದರೆ ಅವರು ಮೊದಲಿಗೂ ಕಡೆಗೂ ಗಣಿತದ ಮೇಷ್ಟರು. ವಾಗ್ಮಿಯಲ್ಲ, ಕವಿಯಲ್ಲ, ಸಭೆಯಲ್ಲಿ ಎದ್ದು ನಿಂತರೆ ಮಾತು ತಡವರಿಸುವಷ್ಟು ಸಂಕೋಚದ ಸ್ವಭಾವದವರು.

ಕೊಂಕಣದ ಸಮುದ್ರತೀರದಲ್ಲಿರುವ ಮುರುಡ ಅವರ ಊರು. ಅವರ ಬಾಲ್ಯದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. 1875ರಲ್ಲಿ ಹುಡುಗನು ಸರಕಾರದ ಪರೀಕ್ಷೆಯೊಂದಕ್ಕೆ ಕೂರಬೇಕಾಯಿತು. ಪರೀಕ್ಷೆ ನಡೆಯುವುದು ಸಾತಾರೆಯಲ್ಲಿ. ನಡುವೆ ಸಹ್ಯಾದ್ರಿಯ ಘಟ್ಟ, ಸುಮಾರು 110 ಮೈಲಿಗಳ ದಾರಿ. ಬಟ್ಟೆಯ ಗಂಟನ್ನು ಹೊತ್ತು, ಒಂದಿಬ್ಬರು ಜೊತೆಗಾರರೊಡನೆ ನಾಲ್ಕು ದಿನ ನಡೆದು ಆತನು ಸಾತಾರೆಯನ್ನು ಮುಟ್ಟಿದನು. ಪರೀಕ್ಷಾಧಿಕಾರಿಗಳು ಹುಡುಗನ ಮುಖವನ್ನು ನೋಡಿ, ಇವನಿಗೆ ಹದಿನೇಳು ತುಂಬಿದಂತೆ ಕಾಣುವುದಿಲ್ಲವೆಂದು ಒಳಕ್ಕೆ ಬಿಡಲಿಲ್ಲ. ಕಾಗದಪತ್ರ ತೋರಿಸಿದರೂ ಪ್ರಯೋಜನವಾಗಲಿಲ್ಲ. ಬಂದ ದಾರಿಯನ್ನೇ ಹಿಡಿದು ಊರಿಗೆ ಹಿಂದಿರುಗಿದ ಆತನು ಮರುವರ್ಷ ಕೊಲ್ಹಾಪುರಕ್ಕೆ ಹೋಗಿ ಅದೇ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಸಾಮಾನ್ಯವಾಗಿ ಈ ಕಥೆಯನ್ನು ಬಾಲಕರಿಗೆ ಛಲವನ್ನು ಬೋಧಿಸುವುದಕ್ಕಾಗಿ ಹೇಳುವುದುಂಟು. ಅದರಲ್ಲಿ ಇನ್ನೊಂದು ಅಂಶವೂ ಅಡಗಿದೆ. ಬಾಗಿಲು ಮುಚ್ಚಿದೆಯೆಂದು ಕಂಡಾಗ ಆ ಹುಡುಗನು ಬಾಗಿಲನ್ನು ಒದೆಯಲಿಲ್ಲ. ಹಿಂದಿರುಗಿ, ಒಂದು ವರ್ಷ ಕಾದು, ಬೇರೆ ಊರಿನ ಬಾಗಿಲಿಂದ ಒಳಹೊಕ್ಕನು. ಮುಂದೆ ದೊಡ್ಡವನಾದ ಮೇಲೂ ಅವನ ರೀತಿ ಇದೇ ಆಯಿತು. ಈ ಗುಣವನ್ನು ವಿವೇಕವೆನ್ನಬೇಕೋ ಅಂಜಿಕೆಯೆನ್ನಬೇಕೋ ಎಂಬುದೇ ಮುಂದಿನ ವಿಚಾರಕ್ಕೆಲ್ಲ ಮೂಲ.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ 1884ರಲ್ಲಿ ಗಣಿತದ ಪದವಿ ಪಡೆದು, ಅಲ್ಲಿಯೇ ಪಾಠಶಾಲೆಗಳಲ್ಲಿಯೂ ಮನೆಪಾಠಗಳಲ್ಲಿಯೂ ದುಡಿಯುತ್ತಿದ್ದ ಕರ್ವೆಯವರನ್ನು ಗೋಪಾಲಕೃಷ್ಣ ಗೋಖಲೆಯವರು 1891ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಬರಮಾಡಿಕೊಂಡರು. ಬಾಲಗಂಗಾಧರ ತಿಲಕರು ಬಿಟ್ಟುಹೋದ ಗಣಿತದ ಪೀಠ ಅದು. ಮುಂದೆ 1914ರವರೆಗೆ ಅವರು ಅಲ್ಲಿಯೇ ಪಾಠ ಹೇಳಿದರು. ಪುಣೆಗೆ ಬಂದ ಆ ವರ್ಷವೇ ಪತ್ನಿ ರಾಧಾಬಾಯಿ ತೀರಿಕೊಂಡರು. ವಿಧುರನಾದ ಗಂಡಸು ಹತ್ತು ಹನ್ನೆರಡು ವರ್ಷದ ಕನ್ನಿಕೆಯನ್ನು ಮದುವೆಯಾಗುವುದು ಅಂದಿನ ಆಚಾರ. ಬಾಲವಿಧವೆಯು ತಲೆ ಬೋಳಿಸಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ಆಯುಸ್ಸನ್ನು ಕಳೆಯುವುದೂ ಅಂದಿನ ಆಚಾರವೇ. ಕರ್ವೆಯವರು 1893ರ ಮಾರ್ಚಿಯಲ್ಲಿ ಗೋದೂಬಾಯಿ ಎಂಬ ವಿಧವೆಯನ್ನು ವಿವಾಹವಾದರು. ಆಕೆ ಅವರ ಮಿತ್ರರಾದ ನರಹರಪಂತ ಜೋಶಿಯವರ ತಂಗಿ. ಪಂಡಿತಾ ರಮಾಬಾಯಿಯವರ ಶಾರದಾಸದನವನ್ನು ಸೇರಿದ ಮೊದಲ ವಿಧವೆ. ಮದುವೆಯ ತರುವಾಯ ಆಕೆಯ ಹೆಸರು ಆನಂದೀಬಾಯಿಯೆಂದಾಯಿತು. ಮುರುಡದ ಜನರು ಸಭೆ ಸೇರಿ ಬಹಿಷ್ಕಾರ ಹಾಕಿದರು. ಅದೇ ಊರಿನ ಹಿತಕ್ಕಾಗಿ ಪುಡಿಗಾಸು ಪುಡಿಗಾಸಾಗಿ ನಿಧಿ ಕೂಡಿಸಿದವರು ಕರ್ವೆಯವರೇ ಎಂಬುದು ಆ ಸಭೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಮೊದಲು ಅವರು ವಿಧವಾವಿವಾಹದ ಪ್ರಚಾರಕ್ಕಾಗಿ ಒಂದು ಮಂಡಲಿಯನ್ನು ಸ್ಥಾಪಿಸಿದರು. ಎರಡು ಮೂರು ವರ್ಷಗಳಲ್ಲಿ ಅವರಿಗೆ ಒಂದು ಮಾತು ಮನವರಿಕೆಯಾಯಿತು. ಮರುಮದುವೆಗೆ ಒಪ್ಪುವ ವಿಧವೆಯರು ಬೆರಳೆಣಿಕೆಯಷ್ಟು. ಒಪ್ಪದೆ ಉಳಿಯುವವರು ಸಾವಿರಾರು. ಆ ಸಾವಿರಾರು ಜನಕ್ಕೆ ಅನ್ನವೂ ಮರ್ಯಾದೆಯೂ ದೊರೆಯಬೇಕಾದರೆ ವಿದ್ಯೆಯೊಂದೇ ದಾರಿ. 1896ರಲ್ಲಿ ಅನಾಥ ಬಾಲಿಕಾಶ್ರಮದ ಮಂಡಲಿ ಹುಟ್ಟಿತು. ರಾವ್ ಬಹದ್ದೂರ್ ಗಣೇಶ ಗೋವಿಂದ ಗೋಖಲೆಯವರು ಪುಣೆಯ ಹೊರಗೆ ಹಿಂಗಣೆಯೆಂಬ ಹಳ್ಳಿಯ ಬಳಿ ಆರು ಎಕರೆ ನೆಲವನ್ನೂ 750 ರೂಪಾಯಿಗಳನ್ನೂ ದಾನ ಮಾಡಿದರು. 1900ರಲ್ಲಿ ಅಲ್ಲಿ ಒಂದು ಗುಡಿಸಲು ಎದ್ದಿತು. ಕಾಲೇಜಿನ ಪಾಠ ಮುಗಿಸಿ, ಬೇಕಾದ ಸಾಮಾನುಗಳನ್ನು ತಾವೇ ಹೊತ್ತುಕೊಂಡು, ಮಳೆಗಾಲದ ಕೆಸರಿನಲ್ಲಿ ಮೈಲಿಗಟ್ಟಲೆ ನಡೆದು ಸಂಜೆಗೆ ಆ ಗುಡಿಸಲನ್ನು ಸೇರಿ, ಹುಡುಗಿಯರಿಗೆ ಪಾಠ ಹೇಳಿ, ಬೆಳಗಾಗುತ್ತಲೇ ಮತ್ತೆ ನಡೆದು ಕಾಲೇಜಿಗೆ ಬರುವುದು ಅವರ ದಿನಚರಿಯಾಯಿತು. ಇಷ್ಟರವರೆಗೆ ಕಥೆಯನ್ನು ಯಾರು ಹೇಳಿದರೂ ಹೀಗೆಯೇ ಹೇಳುತ್ತಾರೆ, ಕೇಳಿದವರು ಕೈಮುಗಿಯುತ್ತಾರೆ. ಇನ್ನು ಮುಂದೆ ಹೇಳಬೇಕಾದುದು ಅಷ್ಟು ಸರಾಗವಲ್ಲ.

ಆಶ್ರಮವನ್ನು ನಡೆಸಬೇಕಾದರೆ ವಿಧವೆಯರನ್ನು ಅವರ ತಂದೆತಾಯಿಗಳು ಕಳುಹಿಸಿಕೊಡಬೇಕು. ಪಂಡಿತಾ ರಮಾಬಾಯಿಯವರ ಗತಿಯನ್ನು ಕರ್ವೆಯವರು ಕಣ್ಣಾರೆ ಕಂಡಿದ್ದರು. ಸಹ್ಯಾದ್ರಿಯ ಗಂಗಾಮೂಲದಲ್ಲಿ, ಈಗಿನ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ, ಕರ್ವೆಯವರು ಹುಟ್ಟಿದ ಐದು ದಿನಗಳ ತರುವಾಯ ಹುಟ್ಟಿದ ಆ ವಿದುಷಿಯು ಕ್ರೈಸ್ತಮತವನ್ನು ಅವಲಂಬಿಸಿದ್ದರು. ಆಕೆಯ ಸದನದಲ್ಲಿ ಹುಡುಗಿಯರನ್ನು ಮತಾಂತರಕ್ಕೆ ಎಳೆಯುತ್ತಾರೆಂಬ ಗುಲ್ಲೆದ್ದು 1893ರಲ್ಲಿ ಅನೇಕರು ತಮ್ಮ ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡಿದ್ದರು. ತಮ್ಮ ಆಶ್ರಮಕ್ಕೂ ಹಾಗಾಗಬಾರದೆಂದು ಕರ್ವೆಯವರು ಒಂದು ಕಟ್ಟು ಮಾಡಿಕೊಂಡರು. ಆಶ್ರಮಕ್ಕೂ ವಿಧವಾವಿವಾಹಕ್ಕೂ ಸಂಬಂಧವಿಲ್ಲ. ಅಲ್ಲಿ ಓದು ಮಾತ್ರ, ಮರುಮದುವೆಯ ಮಾತಿಲ್ಲ. ಈ ಕಟ್ಟಿನ ಪರಿಣಾಮ ಯಾರ ಮೇಲಾಯಿತು? ಮರುಮದುವೆಯಾದ ಆನಂದೀಬಾಯಿಯೇ ಗಂಡನು ಕಟ್ಟಿದ ಆಶ್ರಮದಲ್ಲಿ ವಾಸಿಸುವಂತಿಲ್ಲವಾಯಿತು. ಕರ್ವೆಯವರು ಹಿಂಗಣೆಯಲ್ಲಿ, ಆಕೆ ಮಕ್ಕಳೊಡನೆ ಪಟ್ಟಣದಲ್ಲಿ. ಆಕೆಯ ಸ್ವಂತ ತಂಗಿ ಪಾರ್ವತೀಬಾಯಿ ಆಠವಲೆಯವರು ಅಂದು ಕೇಶಮುಂಡನ ಮಾಡಿಸಿಕೊಂಡ ಮಡಿಹೆಂಗಸು. ಆ ಕಾರಣದಿಂದಲೇ ಅವರು ಆಶ್ರಮದ ಮೇಲ್ವಿಚಾರಕಿಯಾಗಿ, ಊರೂರು ಸುತ್ತಿ ಹಣ ಕೂಡಿಸಿ, ಸಂಪ್ರದಾಯಸ್ಥರ ನಂಬಿಕೆಯನ್ನು ಗಳಿಸಬಲ್ಲವರಾದರು. ಒಡಹುಟ್ಟಿದ ಇಬ್ಬರಲ್ಲಿ ಲೋಕದ ನಡವಳಿಕೆಗೆ ತಲೆಯೊಡ್ಡಿದವಳಿಗೆ ಒಳಗೆ ಸ್ಥಾನ, ಅದನ್ನು ಮೀರಿ ನಿಂತವಳಿಗೆ ಹೊರಗೆ. ಪಾರ್ವತೀಬಾಯಿಯವರ ದುಡಿಮೆಯಲ್ಲಿ ಎಳ್ಳಷ್ಟೂ ಕುಂದಿಲ್ಲ. ಆಕೆ 1912ರಲ್ಲಿ ಮುಂಡನವನ್ನೂ ಬಿಟ್ಟುಕೊಟ್ಟರು, ಇಂಗ್ಲಿಷು ಚೆನ್ನಾಗಿ ಬಾರದಿದ್ದರೂ ಒಬ್ಬರೇ ಅಮೆರಿಕಕ್ಕೆ ಹೋಗಿಬಂದರು. ಆದರೆ ಅಕ್ಕನ ಪಾಲಿಗೆ ಬಂದ ಅನ್ಯಾಯ ಅದರಿಂದ ತೀರುವುದಿಲ್ಲ.

ಇಷ್ಟೇ ಆಗಿದ್ದರೆ ಹೇಗಾದರೂ ಸಹಿಸಬಹುದಾಗಿತ್ತು. ಸಂಸಾರಕ್ಕೆಂದು ಕೂಡಿಟ್ಟಿದ್ದ ಹಣವನ್ನೂ, ತಾವು ತೀರಿಹೋದರೆ ಹೆಂಡತಿಮಕ್ಕಳಿಗೆ ಆಧಾರವಾಗಲೆಂದು ಮಾಡಿಸಿದ್ದ ಜೀವವಿಮೆಯನ್ನೂ ಕರ್ವೆಯವರು ಆಶ್ರಮಕ್ಕೆ ಬರೆದುಕೊಟ್ಟರು. ಆನಂದೀಬಾಯಿ ಮೌನವಾಗಿ ಕಣ್ಣೀರು ಸುರಿಸುವ ಪುರಾಣದ ಪತಿವ್ರತೆಯಲ್ಲ. ಜಗಳವಾಡಿದರು, ದುಡಿದು ಮನೆ ನಡೆಸಿದರು, ಮುಂದೆ ಆಶ್ರಮಕ್ಕಾಗಿ ತಾವೂ ವಂತಿಗೆ ಬೇಡಿ ತಂದರು. ಕಡೆಗೆ ‘ಮಾಝೆ ಪುರಾಣ’ವೆಂಬ ಆತ್ಮಕಥೆಯಲ್ಲಿ ತಮ್ಮ ಅಸಮಾಧಾನವನ್ನು ಮುಚ್ಚಿಡದೆ ಹೇಳಿದರು. ದಾನದ ಪುಣ್ಯವು ದಾನಿಯದು, ಅದರ ಕಷ್ಟವು ಮನೆಯ ಹೆಂಗಸಿನದು ಎಂಬ ನ್ಯಾಯವು ಈ ದೇಶದಲ್ಲಿ ಹೊಸದೇನಲ್ಲ. ಹರಿಶ್ಚಂದ್ರನ ಸತ್ಯಕ್ಕಾಗಿ ಮಾರಾಟಕ್ಕೆ ನಿಂತವಳು ಚಂದ್ರಮತಿ. ಆದರೆ ಆಕೆ ಬರೆದುಕೊಂಡ ಪುರಾಣವೊಂದು ಉಳಿದಿಲ್ಲ, ಆನಂದೀಬಾಯಿಯದು ಉಳಿದಿದೆ.

ಎರಡನೆಯ ಸಂಗತಿ ಇದಕ್ಕಿಂತಲೂ ಮನಸ್ಸಿಗೆ ಚುಚ್ಚುವಂತಹುದು. ವಿಠ್ಠಲ ರಾಮಜಿ ಶಿಂಧೆಯವರು ಕನ್ನಡ ನಾಡಿನ ಜಮಖಂಡಿಯಲ್ಲಿ ಹುಟ್ಟಿದವರು. ಮುಂದೆ 1906ರಲ್ಲಿ ಅಸ್ಪೃಶ್ಯರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದವರು. ಅತ್ತೆಮನೆಯಿಂದ ದೂರವಾಗಿದ್ದ ತಮ್ಮ ತಂಗಿಯನ್ನು ಓದಿಸಬೇಕೆಂದು ಅವರು ಕರ್ವೆಯವರ ಆಶ್ರಮವನ್ನು ಕೇಳಿದರು. ಆಶ್ರಮವು ಬ್ರಾಹ್ಮಣರ ನೆರವಿನಿಂದ ಬ್ರಾಹ್ಮಣ ವಿಧವೆಯರಿಗಾಗಿ ನಡೆಯುತ್ತಿದ್ದ ಕಾಲ. ಮರಾಠಾ ಮನೆತನದ ಆ ಹುಡುಗಿಗೆ ಅಲ್ಲಿ ಸ್ಥಳ ದೊರೆಯಲಿಲ್ಲ. ಕರ್ವೆಯವರಿಗೆ ಜಾತಿಭೇದದಲ್ಲಿ ನಂಬಿಕೆಯಿರಲಿಲ್ಲ. ಆದರೂ ಇಲ್ಲವೆಂದರು. ಇದ್ದವರು ಬಿಟ್ಟುಹೋದರೆ ಆಶ್ರಮವೇ ಉಳಿಯದೆಂಬುದು ಅವರ ಭಯ.

ಇಲ್ಲಿ ನಿಂತು ವಿಚಾರಿಸಬೇಕು. ಒಂದು ಒಳ್ಳೆಯ ಕೆಲಸ ನಡೆಯಲೆಂದು ಮತ್ತೊಂದು ಒಳ್ಳೆಯ ಕೆಲಸವನ್ನು ಮುಂದಕ್ಕೆ ಹಾಕುವುದು ಧರ್ಮವೇ? ಕರ್ವೆಯವರ ಪರವಾಗಿ ಹೇಳುವವರು ಉಪಾಧ್ಯಾಯ ವೃತ್ತಿಯ ಉಪಮಾನವನ್ನೇ ತೆಗೆದುಕೊಳ್ಳಬಹುದು. ಮೇಷ್ಟರು ಕಾಗುಣಿತ ಕಲಿಸಿದ ಮೇಲೆಯೇ ಒತ್ತಕ್ಷರಕ್ಕೆ ಹೋಗುತ್ತಾರೆ. ಎಲ್ಲವನ್ನೂ ಒಂದೇ ದಿನ ಹೇಳಹೋದರೆ ಹುಡುಗನಿಗೆ ಯಾವುದೂ ಹತ್ತುವುದಿಲ್ಲ. ಸಮಾಜವೂ ಹಾಗೆಯೇ, ಅದಕ್ಕೆ ಪಾಠವನ್ನು ಒಂದೊಂದಾಗಿ ಹೇಳಬೇಕು ಎಂಬುದು ಅವರ ವಾದ. ಕೇಳಲು ಇಂಪಾದ ಮಾತು. ಆದರೆ ಉಪಮಾನವು ನಡುದಾರಿಯಲ್ಲಿ ಕೈಬಿಡುತ್ತದೆ. ಒತ್ತಕ್ಷರವನ್ನು ನಾಳೆ ಕಲಿಸಿದರೆ ಒತ್ತಕ್ಷರಕ್ಕೆ ನೋವಾಗುವುದಿಲ್ಲ. ಆಶ್ರಮದ ಬಾಗಿಲಿಂದ ಹಿಂದಿರುಗಿದ ಹೆಣ್ಣುಮಗಳಿಗೆ ಆ ವಯಸ್ಸು ಮತ್ತೆ ಬರುವುದಿಲ್ಲ. ಮುಂದಕ್ಕೆ ಹಾಕಿದ್ದು ಪಾಠವನ್ನಲ್ಲ, ಒಬ್ಬ ಮನುಷ್ಯಳನ್ನು.

ಶಾಸ್ತ್ರವು ಈ ತೊಡಕನ್ನು ಅರಿಯದೆ ಇಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವೆಂದೇ ಒಂದು ಭಾಗವಿದೆ. ಆಪತ್ತಿನಲ್ಲಿ ಧರ್ಮವನ್ನು ಸಡಿಲಿಸಬಹುದು. ಆದರೆ ಸಡಿಲಿಸಿದವನು ಆಪತ್ತು ಕಳೆದ ಮೇಲೆ ಮೊದಲಿನ ನೆಲೆಗೆ ಹಿಂದಿರುಗಲೇಬೇಕು. ಹಿಂದಿರುಗದಿದ್ದರೆ ಅದು ಆಪದ್ಧರ್ಮವಾಗುವುದಿಲ್ಲ, ಅನುಕೂಲಧರ್ಮವಾಗುತ್ತದೆ. ವ್ಯವಹಾರದಲ್ಲಿ ಸಾಲಕ್ಕೂ ಕಳವಿಗೂ ಇರುವ ಭೇದ ಇದೇ ತಾನೆ? ಎರಡರಲ್ಲಿಯೂ ಇನ್ನೊಬ್ಬರ ಹಣ ನಮ್ಮ ಕೈಗೆ ಬರುತ್ತದೆ. ತೀರಿಸುವ ಮನಸ್ಸೂ ತೀರಿಸಿದ ಲೆಕ್ಕವೂ ಇದ್ದರೆ ಸಾಲ, ಇಲ್ಲದಿದ್ದರೆ ಕಳವು. ಲೋಕಸೇವಕರಲ್ಲಿ ಬಹುಮಂದಿ ಈ ಲೆಕ್ಕ ತೀರಿಸುವುದಿಲ್ಲ. ಕೆಲವರಿಗೆ ಆಯುಸ್ಸು ಸಾಲದು. ಉಳಿದವರಿಗೆ ಅಷ್ಟರಲ್ಲಿ ತಾವು ಕಟ್ಟಿದ ಸಂಸ್ಥೆಯೇ ದೇವರಾಗಿ, ಅದರ ಪೂಜೆಗೇ ಹೊತ್ತು ಸಾಲದಾಗಿರುತ್ತದೆ. ದೀರ್ಘಾಯುಷ್ಯದ ಪ್ರಶ್ನೆ ಇಲ್ಲಿ ಬಂದು ಸೇರುತ್ತದೆ. ಹೆಚ್ಚು ಕಾಲ ಬದುಕಿದವನಿಗೆ ಸಾಲ ತೀರಿಸಲಾಗಲಿಲ್ಲವೆಂಬ ನೆಪ ಉಳಿಯುವುದಿಲ್ಲ.

ಕರ್ವೆಯವರ ಉತ್ತರಾರ್ಧವನ್ನು ಈ ದೃಷ್ಟಿಯಿಂದ ನೋಡಿದರೆ ಅದರ ರೂಪವೇ ಬೇರೆಯಾಗಿ ಕಾಣುತ್ತದೆ. 1907ರಲ್ಲಿ ಅವರು ವಿಧವೆಯರಲ್ಲದ ಹುಡುಗಿಯರೂ ಓದಲೆಂದು ಮಹಿಳಾ ವಿದ್ಯಾಲಯವನ್ನು ತೆರೆದರು. 1908ರಲ್ಲಿ ನಿಷ್ಕಾಮ ಕರ್ಮ ಮಠವೆಂದು, ಆಜೀವ ಸೇವೆಯ ವ್ರತ ತೊಟ್ಟವರ ಒಂದು ಸಂಘವನ್ನು ಸ್ಥಾಪಿಸಿದರು. ಹೆಸರು ಗೀತೆಯದು, ಆದರೆ ಮಠಕ್ಕೆ ಪೀಠಾಧಿಪತಿಯಾಗಿ ಕೂರುವ ಆಸೆ ಅವರಿಗಿರಲಿಲ್ಲ. ಒಂದು ಸಂಸ್ಥೆ ಕಾಲೂರಿ ನಿಂತಿತೆಂದು ಕಂಡೊಡನೆ ಅದನ್ನು ಇತರರ ಕೈಗೆ ಕೊಟ್ಟು ಮುಂದಿನ ಕೆಲಸಕ್ಕೆ ಹೊರಡುವುದು ಅವರ ಪದ್ಧತಿ. ಕಟ್ಟಿದ್ದನ್ನು ಬಿಡುವ ಈ ಶಕ್ತಿ ಕಟ್ಟುವ ಶಕ್ತಿಗಿಂತ ಅಪರೂಪವಾದುದು.

1915ರಲ್ಲಿ ಜಪಾನಿನ ಸ್ತ್ರೀ ವಿಶ್ವವಿದ್ಯಾಲಯದ ವಿಷಯವನ್ನು ಓದಿದ ಅವರು ಮರುವರ್ಷವೇ ಪುಣೆಯಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಆರಂಭಿಸಿದರು. ಆಗ ಅವರಿಗೆ 58 ವರ್ಷ. ಕಾಲೇಜಿಗೆ ಸೇರಿದವರು ಐವರು. ಅಲ್ಲಿ ಪಾಠವೆಲ್ಲ ಮಾತೃಭಾಷೆಯಲ್ಲಿ. ದೇಶಭಾಷೆಗಳಲ್ಲಿ ಉಚ್ಚ ವಿದ್ಯೆ ಸಾಧ್ಯವೇ ಎಂದು ಇತರೆಡೆಗಳಲ್ಲಿ ಇನ್ನೂ ಚರ್ಚೆಯಾಗುತ್ತಿದ್ದ ಕಾಲಕ್ಕೆ ಇದು ಸಣ್ಣ ಸಾಹಸವಲ್ಲ. ಗಾಂಧೀಜಿಯವರು ಇಂಗ್ಲಿಷು ಐಚ್ಛಿಕವಾಗಿರಲೆಂದರು. ಕರ್ವೆಯವರು ಅದನ್ನು ಬಿಡಲೊಪ್ಪಲಿಲ್ಲ. 1920ರಲ್ಲಿ ಸರ್ ವಿಠ್ಠಲದಾಸ ಠಾಕರ್ಸಿಯವರು 15 ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿದ ಮೇಲೆ ವಿದ್ಯಾಪೀಠಕ್ಕೆ ಅವರ ತಾಯಿ ನಾಥೀಬಾಯಿಯವರ ಹೆಸರು ಬಂದಿತು. ತರುವಾಯ 1929ರಲ್ಲಿ, ಎಪ್ಪತ್ತು ದಾಟಿದ ಮೇಷ್ಟರು ಯೂರೋಪು, ಅಮೆರಿಕ, ಜಪಾನುಗಳನ್ನು ಸುತ್ತಿ ಸಂಸ್ಥೆಗಾಗಿ ಭಾಷಣ ಮಾಡಿ, ಬರ್ಲಿನ್ನಿನಲ್ಲಿ ಐನ್‌ಸ್ಟೈನರನ್ನು ಕಂಡು, ಹಿಂದಿರುಗಿದ ಸ್ವಲ್ಪ ಕಾಲಕ್ಕೇ ಪೂರ್ವ ಆಫ್ರಿಕೆಗೂ ಹೋಗಿಬಂದರು. ಇದನ್ನೆಲ್ಲ ವಿಸ್ತರಿಸುವ ಅಗತ್ಯವಿಲ್ಲ.

ವಿಸ್ತರಿಸಬೇಕಾದುದು 1936ರಿಂದ ಈಚಿನದು. ಅವರಿಗೆ ಆಗ 78 ವರ್ಷ. ಸಂಸ್ಥೆಗಳು ಬೆಳೆದಿದ್ದುವು, ಕೀರ್ತಿ ಬಂದಿತ್ತು, ಆತ್ಮಕಥೆಯೂ ಅದೇ ವರ್ಷ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆತ್ಮಕಥೆ ಬರೆದವನು ಸಾಮಾನ್ಯವಾಗಿ ಬಾಳಿನ ಪುಸ್ತಕವನ್ನೂ ಮಡಿಸಿಡುತ್ತಾನೆ. ಕರ್ವೆಯವರು ಮಾತ್ರ ಪಾಠಶಾಲೆಯೇ ಇಲ್ಲದ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ತೆರೆಯುವುದಕ್ಕೆ ಒಂದು ಮಂಡಲವನ್ನು ಆರಂಭಿಸಿ, ತಮ್ಮ ಅಲ್ಪವಾದ ನಿವೃತ್ತಿವೇತನದಲ್ಲಿ ಒಂದು ಭಾಗವನ್ನು ತಿಂಗಳು ತಿಂಗಳೂ ಅದಕ್ಕೆ ಕೊಡತೊಡಗಿದರು. ವಿಶ್ವವಿದ್ಯಾಲಯದಿಂದ ಒಂದನೆಯ ತರಗತಿಗೆ ಇಳಿದುಬಂದದ್ದು ಕೆಲವರಿಗೆ ವಿಚಿತ್ರವಾಗಿ ಕಂಡಿರಬಹುದು. ಹಳ್ಳಿಯ ಶಾಲೆಯಲ್ಲಿ ಕೂರುವ ಮಕ್ಕಳು ಯಾರು? ಹಿಂಗಣೆಯಲ್ಲಿ ಹಿಂದೆ ಸ್ಥಳವಿಲ್ಲದೆ ಹೋದ ಮನೆತನಗಳ ಮಕ್ಕಳೇ ಬಹುಮಟ್ಟಿಗೆ. ಅದಾದ ಮೇಲೆ 1944ರಲ್ಲಿ, ತಮ್ಮ 86ನೆಯ ವರ್ಷದಲ್ಲಿ, ಅವರು ಸಮತಾ ಸಂಘವನ್ನು ಸ್ಥಾಪಿಸಿದರು. ಜಾತಿಯಿಂದಾಗಲಿ ಲಿಂಗದಿಂದಾಗಲಿ ಮನುಷ್ಯರಲ್ಲಿ ಮೇಲುಕೀಳಿಲ್ಲವೆಂದು ಬಹಿರಂಗವಾಗಿ ಸಾರುವ ಸಂಘ ಅದು. ಅದಕ್ಕಾಗಿ ‘ಮಾನವೀ ಸಮತಾ’ ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿದರು. ಯೌವನದಲ್ಲಿ ಆಶ್ರಮಕ್ಕಾಗಿ ನುಂಗಿಕೊಂಡ ಮಾತನ್ನು ಮುದುಕರಾದ ಮೇಲೆ ಬಾಯಿಬಿಟ್ಟು ಆಡಿದರು. ಇದನ್ನು ತಡವಾಯಿತೆಂದು ಹಳಿಯುವವರೂ ಸುಳ್ಳಾಡಿದಂತಾಗುವುದಿಲ್ಲ. ಜಮಖಂಡಿಯ ಶಿಂಧೆಯವರು ಅದೇ 1944ರ ಜನವರಿ 2ರಂದು ತೀರಿಕೊಂಡರು. ಸಾಲ ತೀರಿಸಲು ಒಬ್ಬನು ಬದುಕಿದ್ದರೆ ಸಾಲದು, ಪಡೆಯಬೇಕಾದವನೂ ಬದುಕಿರಬೇಕು. ಆದರೆ ತಡವಾಗಿ ಬಂದ ಮಾತನ್ನು ಬಾರದೆ ಹೋದ ಮಾತಿನೊಡನೆ ಸಮನಾಗಿ ತೂಗುವುದು ಸರಿಯಲ್ಲ. ಎಂಬತ್ತೈದು ಕಳೆದವರು ಜಗತ್ತು ಕೆಟ್ಟಿತೆಂದು ಗೊಣಗುವುದೇ ಸಾಮಾನ್ಯವಾಗಿರುವಾಗ, ಜಗತ್ತಿಗೆ ತಮ್ಮಿಂದ ಇನ್ನೂ ಇಷ್ಟು ಸಲ್ಲಬೇಕಾಗಿದೆಯೆಂದು ಎದ್ದುನಿಂತವರು ಎಷ್ಟು ಜನ?

ಇದಕ್ಕೆ ಎದುರಾಗಿ ಇನ್ನೊಂದು ಬಾಳನ್ನೂ ಇಟ್ಟು ನೋಡಬಹುದು. ಕರ್ವೆಯವರ ಹಿರಿಯ ಮಗ, ರಾಧಾಬಾಯಿಯವರ ಪುತ್ರ ರಘುನಾಥರೂ ಗಣಿತದ ಅಧ್ಯಾಪಕರು. ಅವರು ಯಾವ ಮಾತನ್ನೂ ಮುಂದಕ್ಕೆ ಹಾಕಿದವರಲ್ಲ. ಸಂತಾನನಿಯಮನದ ವಿಷಯವನ್ನು ಗಟ್ಟಿಯಾಗಿ ಆಡಿದ್ದಕ್ಕಾಗಿ 1925ರಲ್ಲಿ ಕಾಲೇಜಿನ ಕೆಲಸವನ್ನು ಕಳೆದುಕೊಂಡರು. 1927ರಿಂದ ‘ಸಮಾಜಸ್ವಾಸ್ಥ್ಯ’ವೆಂಬ ಪತ್ರಿಕೆಯನ್ನು ನಷ್ಟದಲ್ಲಿಯೂ ಮೊಕದ್ದಮೆಗಳ ನಡುವೆಯೂ ಸಾಯುವತನಕ ನಡೆಸಿದರು. ಅವರಿಗೆ ಸಭೆಗಳಿರಲಿಲ್ಲ, ದಾನಿಗಳಿರಲಿಲ್ಲ, ಕಟ್ಟಡಗಳಿರಲಿಲ್ಲ. ತಂದೆಯ ದಾರಿಯೋ ಮಗನ ದಾರಿಯೋ ಮೇಲಾದುದು? ಮಗನಂತೆ ಎಲ್ಲರೂ ನಡೆದಿದ್ದರೆ ಹಿಂಗಣೆಯ ಗುಡಿಸಲು ಏಳುತ್ತಿರಲಿಲ್ಲ. ಅಲ್ಲಿ ಓದಿದ ಸಾವಿರಾರು ಹೆಣ್ಣುಮಕ್ಕಳು ಅಡಿಗೆಮನೆಯ ಕತ್ತಲಲ್ಲಿಯೇ ಉಳಿಯುತ್ತಿದ್ದರು. ತಂದೆಯಂತೆ ಎಲ್ಲರೂ ನಡೆದಿದ್ದರೆ ಕೆಲವು ಮಾತುಗಳನ್ನು ಆಡುವವರೇ ಹುಟ್ಟುತ್ತಿರಲಿಲ್ಲ. ಸಮಾಜಕ್ಕೆ ಇಬ್ಬರೂ ಬೇಕೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಒಂದು ಮಾತನ್ನಾದರೂ ಸ್ಪಷ್ಟವಾಗಿ ಹೇಳಬೇಕು. ತಂದೆಯ ದಾರಿಯಲ್ಲಿ ನಡೆಯುವವನು ತನ್ನ ಲೆಕ್ಕದ ಪುಸ್ತಕವನ್ನು ಎಂದಿಗೂ ಮುಚ್ಚಕೂಡದು, ಮತ್ತು ಆ ದಾರಿಗೆ ಬಹಳ ಆಯುಸ್ಸು ಬೇಕು. ಆಯುಸ್ಸು ಇಷ್ಟೇ ಎಂದು ಯಾರಿಗೂ ಮೊದಲೇ ತಿಳಿಯದಾದ್ದರಿಂದ, ನೂರು ವರ್ಷ ಬದುಕುವೆನೆಂಬ ನಂಬಿಕೆಯಿಂದ ಇಂದಿನ ನ್ಯಾಯವನ್ನು ನಾಳೆಗೆ ಇಡುವುದು ಬಹುಮಂದಿಗೆ ಅಪಾಯಕರವಾದ ಪಣ. ಕರ್ವೆಯವರು ಆ ಪಣದಲ್ಲಿ ಗೆದ್ದರೆಂಬುದು ಅವರ ಪುಣ್ಯ. ಅನುಕರಿಸುವವರಿಗೆ ಅದೇ ಪ್ರಮಾಣವಾಗಲಾರದು.

ಪೂರ್ತಿಯಾಗಿ ಗೆದ್ದರೇ ಎಂಬುದೂ ಸಂದೇಹವೇ. ಹಳ್ಳಿಯ ಮಕ್ಕಳ ಋಣಕ್ಕೆ ಶಾಲೆಗಳನ್ನು ಕೊಡಬಹುದು, ಜಾತಿಯ ವಿಷಯದಲ್ಲಿ ಆದ ತಪ್ಪಿಗೆ ಸಂಘವನ್ನು ಕಟ್ಟಬಹುದು. ಮನೆಯ ಋಣಕ್ಕೆ ಅಂತಹ ಪರಿಹಾರವೊಂದೂ ಇಲ್ಲ. ದೀರ್ಘಾಯುಷ್ಯವೆಂದರೆ ತನಗೆ ಸಾಲ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಕಳುಹಿಸಿಕೊಟ್ಟು ತಾನು ಉಳಿಯುವುದೂ ಹೌದು. ಆನಂದೀಬಾಯಿಯವರು 1950ರ ನವೆಂಬರಿನಲ್ಲಿ ತೀರಿಕೊಂಡರು, ರಘುನಾಥರು 1953ರಲ್ಲಿ. ಕರ್ವೆಯವರಿಗೆ 1955ರಲ್ಲಿ ಪದ್ಮವಿಭೂಷಣವೂ, ನೂರು ತುಂಬಿದ 1958ರಲ್ಲಿ ಭಾರತರತ್ನವೂ ಬಂದುವು. ಅವರ ಚಿತ್ರವಿರುವ ಅಂಚೆಚೀಟಿಯೂ ಹೊರಬಿದ್ದಿತು. ಮುಂಬಯಿಯಲ್ಲಿ ನಡೆದ ಶತಮಾನೋತ್ಸವಕ್ಕೆ ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ಬಂದಿದ್ದರು, ಜನಸಂದಣಿ ಅಪಾರವಾಗಿತ್ತು. ಅಂದು ಅವರ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗಿದ್ದ ಹೆಂಗಸು ಹೋಗಿ ಏಳು ವರ್ಷಗಳು ಕಳೆದಿದ್ದುವು.